ಚಿಗವ್ವ ಆರಿಸಿದ ರೇಡಿಯೋ

ಹೊಸ ಟಿ.ವಿ. ಚಾಲೂ ಮಾಡಿದಾಗ ಅದರ ಬೆನ್ನಿನಿಂದ ಒಂದು ವಾಸನೆ ಬರುತ್ತದೆ. ಬಿಸಿಯಾದ ತಂತಿಯದೋ, ಪ್ಲಾಸ್ಟಿಕ್ಕಿನದೋ... ಕಳೆದ ತಿಂಗಳು ಕೊಲ್ಹಾಪುರದ ಅಂಗಡಿಯೊಂದರಲ್ಲಿ ಅದು ಮೂಗಿಗೆ ಬಡಿಯಿತು. ಮಗ, ಸೊಸೆ ಇಬ್ಬರೂ ಗೋಡೆ ತುಂಬ ಹೊಳೆಯುವ ಟಿ.ವಿ.ಗಳ ಮುಂದೆ ನಿಂತು ವಾದಕ್ಕೆ ಬಿದ್ದಿದ್ದರು. ಅವನಿಗೆ ಗೋಡೆಯಷ್ಟು ದೊಡ್ಡದು ಬೇಕು, ಅವಳಿಗೆ ಮಾತಾಡಿದರೆ ಚಾನೆಲ್ ಬದಲಾಗುವಂಥದ್ದು ಬೇಕು, ಮಾರುವ ಹುಡುಗನಿಗೆ ತಾನು ಬಾಯಿಪಾಠ ಮಾಡಿದ್ದನ್ನು ಪೂರ್ತಿ ಒಪ್ಪಿಸಬೇಕು. ನನ್ನನ್ನು ಕುರ್ಚಿಯಲ್ಲಿ ಕೂರಿಸಿ ಮೂವರೂ ಮರೆತೇಬಿಟ್ಟಿದ್ದರು. ಮರೆತದ್ದು ಒಳ್ಳೆಯದೇ ಆಯಿತು. ಆ ವಾಸನೆಯ ಬೆನ್ನು ಹತ್ತಿ ನಾನು ಇಚಲಕರಂಜಿಯ ನಮ್ಮ ಹಳೆಯ ಓಣಿಗೆ ಹೋಗಿ ಬಂದೆ.

ಅರವತ್ತರ ದಶಕದ ನಡುವಿನ ಮಾತು. ಮದುವೆಯಾಗಿ ಗಡಹಿಂಗ್ಲಜದಿಂದ ಆಗಷ್ಟೇ ಅಲ್ಲಿಗೆ ಹೋಗಿದ್ದೆ. ಓಣಿಯ ಒಂದು ಬದಿಗೆ ಮನೆಗಳ ಸಾಲು, ಎದುರು ಬದಿಗೆ ಮಗ್ಗಗಳ ಶೆಡ್ಡು. ಕರೆಂಟಿನ ಮಗ್ಗಗಳು. ಹಗಲೂ ರಾತ್ರಿ ಖಟಾಖಟ್, ಖಟಾಖಟ್. ಮೊದಮೊದಲು ತಲೆ ಸಿಡಿದುಹೋಗುತ್ತದೆ ಅನ್ನಿಸಿ ತವರಿಗೆ ಓಡಿಹೋಗುವ ಮನಸ್ಸಾಗಿತ್ತು. ಆಮೇಲೆ ಯಾವಾಗಲೋ ಆ ಸಪ್ಪಳ ಕೇಳಿಸುವುದೇ ನಿಂತಿತು. ಮಗ್ಗ ನಿಂತರೆ ಮಾತ್ರ ಏನಾಯಿತೆಂದು ಎಲ್ಲರೂ ಹೊರಗೆ ಬಂದು ನೋಡುತ್ತಿದ್ದೆವು.

ಪಕ್ಕದ ಮನೆಯಾಕೆಗೆ ಓಣಿಯೆಲ್ಲ ಚಿಗವ್ವ ಅನ್ನುತ್ತಿತ್ತು. ನಾನೂ ಹಾಗೇ ಕರೆದೆ. ಸವದತ್ತಿ ಕಡೆಯ ಹಳ್ಳಿಯವಳು. ಆಕೆಯ ಗಂಡ, ನಮ್ಮೆಲ್ಲರ ಕಾಕಾ, ಎದುರಿನ ಶೆಡ್ಡಿನಲ್ಲೇ ಮಗ್ಗ ನಡೆಸುತ್ತಿದ್ದರು. ಆಕೆ ಕಟ್ಟೆಯ ಮೇಲೆ ಕೂತು ಲಾಳಿಗೆ ಹಾಕುವ ನೂಲಿನ ಕಂಡಿಕೆ ಸುತ್ತುತ್ತಿದ್ದಳು. ಕೈ ಎಷ್ಟು ಚುರುಕೋ ಬಾಯಿಯೂ ಅಷ್ಟೇ. ಮಗ್ಗದ ಸಪ್ಪಳದ ಮೇಲೆ ಮಾತಾಡಿ ಮಾತಾಡಿ, ಚಿಟಿಕೆ ಉಪ್ಪು ಕೇಳಲು ಬಂದರೂ ಜಗಳಕ್ಕೇ ಬಂದಂತೆ ಇರುತ್ತಿತ್ತು.

ಆ ಜೋರು ಬಾಯಿ ಒಂದು ಬೇಸಿಗೆಯಲ್ಲಿ ಪೂರ್ತಿ ಮುಚ್ಚಿಹೋಯಿತು. ಊರಲ್ಲಿ ಆಕೆಯ ತಾಯಿ ತೀರಿಕೊಂಡಿದ್ದಳು. ಸುದ್ದಿ ತಡವಾಗಿ ಬಂದು ಚಿಗವ್ವ ಮಣ್ಣಿಗೂ ಮುಟ್ಟಲಿಲ್ಲ. ದಿನಕರ್ಮ ಮುಗಿಸಿ ಬಂದವಳು ತಲೆ ತಗ್ಗಿಸಿ ಕಂಡಿಕೆ ಸುತ್ತುತ್ತ ಕೂತುಬಿಟ್ಟಳು. ಮುಂದೆ ಮಳೆಗಾಲದ ಹೊತ್ತಿಗೆ ಆಕೆಯ ತಮ್ಮ ಹತ್ತಿರದ ಶಿರೋಳಕ್ಕೆ ಮದುವೆಗೆ ಬಂದವನು ಅಕ್ಕನ ಮನೆಗೂ ಬಂದ. ಚಹಾ ಕುಡಿಯುತ್ತ ಕುಡಿಯುತ್ತ ಒಂದು ಮಾತು ಹೇಳಿದ.

"ಅಕ್ಕಾ, ಹ್ವಾದ ವರ್ಷ ಧಾರವಾಡದಿಂದ ರೇಡಿಯೋದವ್ರು ಬಂದಿದ್ರು. ಮುದುಕ್ಯಾರ ಬೀಸೂ ಪದ ಟೇಪಿನ್ಯಾಗ ಹಿಡಕೊಂಡು ಹೋಗ್ಯಾರ. ಅವ್ವಂದೂ ಹಿಡದಾರ. ಸೋಮವಾರ ಸಂಜೀಕ ಬಿಡ್ತಾರಂತ. ಯಾವ ಸೋಮವಾರ ಅನ್ನೂದು ಮಾತ್ರ ಯಾರಿಗೂ ಗೊತ್ತಿಲ್ಲ."

ಚಿಗವ್ವನ ಕೈಯಲ್ಲಿದ್ದ ಚಹಾದ ಬಸಿ ಹಾಗೇ ನಿಂತಿತು. ಸತ್ತ ತಾಯಿಯ ದನಿ ಎಲ್ಲೋ ಇದೆ, ಯಾವುದೋ ಸೋಮವಾರ ಒಮ್ಮೆ ಬಂದು ಹೋಗಿಬಿಡುತ್ತದೆ! ಶೆಡ್ಡುಗಳಿಂದ ದೂರ, ದೊಡ್ಡ ರಸ್ತೆಯ ಚಹಾದ ಹೋಟೆಲಿನಲ್ಲಿ ರೇಡಿಯೋ ಇತ್ತು. ಆದರೆ ಅಲ್ಲಿ ಹೆಂಗಸರು ಹೋಗಿ ಕೂರುವಂತಿರಲಿಲ್ಲ, ಅಲ್ಲಿನವರು ಸಿನಿಮಾ ಹಾಡು ಬಿಟ್ಟು ಬೇರೆ ಹಚ್ಚುತ್ತಲೂ ಇರಲಿಲ್ಲ. ರೇಡಿಯೋ ಮನೆಗೇ ಬರಬೇಕು ಎಂದು ಚಿಗವ್ವ ಹಟ ಹಿಡಿದಳು.

ಕಾಕಾ ಒಪ್ಪಿದರು. ಒಪ್ಪುವುದೇನು, ಅವರಿಗೆ ಆಕೆಗಿಂತ ಹೆಚ್ಚು ಹುರುಪು. ಶೆಡ್ಡಿನ ಮಾಲಕರ ಮನೆಯಲ್ಲಿ ಕಂಡಂಥ ಪಾಲಿಶ್ ಮಾಡಿದ ಕಟ್ಟಿಗೆಯ ಪೆಟ್ಟಿಗೆ, ಸ್ಟೇಷನ್ ಸರಿಯಾಗಿ ಕೂತಾಗ ಕಿರಿದಾಗುವ ಹಸಿರು ದೀಪದ ಕಣ್ಣು, ಬಿಳಿ ಹಲ್ಲಿನಂಥ ಗುಂಡಿಗಳು, ಎಲ್ಲವೂ ಬೇಕು. ನಮ್ಮ ತವರಿನ ಅಂಗಡಿಯಲ್ಲಿ ರೇಡಿಯೋ ಇತ್ತೆಂಬ ಒಂದೇ ಕಾರಣಕ್ಕೆ ನಾನು ಆ ವಿದ್ಯೆಯಲ್ಲಿ ಪಂಡಿತೆಯಾದೆ. ಮಗ್ಗಗಳಿಗೆ ವಾರದ ರಜೆ ಇದ್ದ ದಿನ ಮೂವರೂ ಎಸ್.ಟಿ. ಬಸ್ಸು ಹತ್ತಿ ಕೊಲ್ಹಾಪುರಕ್ಕೆ ಹೋದೆವು. ಅಂಗಡಿಯವನು ಒಂದೊಂದಾಗಿ ಗುಣಗಾನ ಮಾಡಿದ. ಸಿಲೋನ್ ಬರುತ್ತದೆ, ಲಂಡನ್ ಬರುತ್ತದೆ, ದನಿ ದಪ್ಪ ಮಾಡಬಹುದು, ತೆಳ್ಳಗೆ ಮಾಡಬಹುದು. ಕಾಕಾ ತಲೆದೂಗಿದ್ದೇ ತೂಗಿದ್ದು. ಚಿಗವ್ವ ಮರಾಠಿಯಲ್ಲಿ ಕೇಳಿದ್ದು ಒಂದೇ ಮಾತು, ಧಾರವಾಡ ಹಿಡಿಯುತ್ತದೆಯೇ ಎಂದು.

"ಧಾರವಾಡ ಲಾಗತಂ ಕಾ?"

ಬೆನ್ನಿನಿಂದ ಬಿಸಿ ತಂತಿಯ ವಾಸನೆ ಬರುತ್ತಿದ್ದ ಒಂದು ರೇಡಿಯೋದ ಗುಂಡಿ ತಿರುಗಿಸಿ ಅಂಗಡಿಯವನು ಧಾರವಾಡ ಹಿಡಿದು ಕೇಳಿಸಿದ. ಕನ್ನಡ ಕೇಳಿದ್ದೇ ಆಕೆ ಸೆರಗಿನಿಂದ ಕಣ್ಣೊರೆಸಿಕೊಂಡಳು. ವ್ಯಾಪಾರ ಮುಗಿಯಿತು.

ಆ ಸಂಜೆ ನಮ್ಮ ಓಣಿಯಲ್ಲಿ ಹಬ್ಬ. ಮಾಳಿಗೆಯ ಮೇಲೆ ಬಿದಿರು ನಿಲ್ಲಿಸಿ ಏರಿಯಲ್ ಕಟ್ಟಿದರು. ರೇಡಿಯೋಕ್ಕೆ ಕುಂಕುಮ ಹಚ್ಚಿ ಕಾಯಿ ಒಡೆದರು. ಧಾರವಾಡ ಗಂಟೆ ಹೊಡೆದಂತೆ ಕೇಳಿಸಿತು. ಹಸಿರು ಕಣ್ಣು ನೋಡಲು ಬಂದವರಿಗೆಲ್ಲ ಚಹಾ ಆಯಿತು. ಮರುದಿನ ಬೆಳಿಗ್ಗೆ ಶೆಡ್ಡಿನ ಮೋಟಾರುಗಳು ಚಾಲೂ ಆದವು. ಚಿಗವ್ವ ಗುಂಡಿ ತಿರುಗಿಸಿದರೆ ಜೋಳ ಹುರಿದಂಥ ಚಟಪಟ ಬಿಟ್ಟು ಬೇರೇನೂ ಇಲ್ಲ. ಧಾರವಾಡವೂ ಇಲ್ಲ, ಲಂಡನ್ನೂ ಇಲ್ಲ. ಮಗ್ಗದ ಊರಿನವರೆಲ್ಲ ಸೇರಿ, ಮಗ್ಗ ನಿಂತ ದಿನ ರೇಡಿಯೋ ತಂದು, ಮಗ್ಗ ನಿಂತ ಸಂಜೆ ಅದನ್ನು ಹೊಗಳಿದ್ದೆವು! ಕರೆಂಟಿನ ಮೋಟಾರು ರೇಡಿಯೋದ ದನಿ ಕೆಡಿಸುತ್ತದೆ, ಇಷ್ಟು ಮೋಟಾರುಗಳ ಎದುರು ಅದನ್ನು ಇಡುತ್ತಿದ್ದೇವೆ ಎಂಬುದು ನಮ್ಮೊಳಗೆ ಒಬ್ಬರಿಗೂ ಹೊಳೆದಿರಲಿಲ್ಲ, ಪಂಡಿತೆಗೂ ಸಹ.

ಸೋಮವಾರ ಸಂಜೆ ಚಿಗವ್ವ ಆ ಚಟಪಟಕ್ಕೇ ಕಿವಿ ಹಚ್ಚಿ ಕೂತಳು. ಏನೂ ತಿಳಿಯಲಿಲ್ಲ. ಅದೇ ಸೋಮವಾರ ತಾಯಿಯ ಪದ ಬಂದು ಹೋಗಿದ್ದರೆ ಎಂಬ ಭಯ ಆಕೆಯನ್ನು ಹಣ್ಣು ಮಾಡಿತು. ಬೆಳಗಾಗುತ್ತಲೇ ಹೇಳಿದಳು.

"ಇದನ್ನ ಹೊಳ್ಳಿ ಕೊಟ್ಟು, ಎತ್ತಿಕೊಂಡು ಹೋಗೂವಂಥದ್ದು ತರೂಣು."

ಕಾಕಾ ಕೆಂಡವಾದರು. "ಇಡೀ ಓಣಿ ನೋಡೇತಿ! ಈಗ ಆ ಡಬ್ಬಿ ತಂದ್ರ ಮಂದಿ ಏನಂದಾರು? ಅದಕ್ಕ ಕಣ್ಣರೆ ಐತೇನು?"

"ನನಗ ಕಣ್ಣ ತೊಗೊಂಡು ಏನ್ ಮಾಡೂದೈತ್ರಿ? ನಮ್ಮವ್ವ ಮಾತಾಡ್ಬೇಕು, ಅಷ್ಟ."

ಮುಂದಿನ ರಜೆಗೆ ನಾವಿಬ್ಬರೇ ಹೋದೆವು. ಕಾಕಾ ಬರಲಿಲ್ಲ, ಆಕೆಯೊಂದಿಗೆ ಮಾತೂ ಬಿಟ್ಟಿದ್ದರು. ಅಂಗಡಿಯವನು ಗೊಣಗುತ್ತಲೇ ಬದಲಿಸಿ ಕೊಡಲು ಒಪ್ಪಿ, ಸೆಲ್ಲಿನ ಮೇಲೆ ನಡೆಯುವ ಟ್ರಾನ್ಸಿಸ್ಟರುಗಳನ್ನು ಸಾಲಾಗಿ ಇಟ್ಟ. ಚರ್ಮದ ಚೀಲ ನೋಡಿರಿ, ಬಣ್ಣ ನೋಡಿರಿ ಅಂದ. ಚಿಗವ್ವ ಒಂದೊಂದನ್ನೂ ಎತ್ತಿ, ಕಂಕುಳಲ್ಲಿ ಹಿಡಿದು, ರಸ್ತೆಯವರೆಗೆ ನಡೆದು ಹೋಗಿ ಬಂದಳು. ಧಾರವಾಡ ಬಿಡದೆ ಆಕೆಯೊಡನೆ ನಡೆದದ್ದನ್ನು ಆರಿಸಿದಳು. ಅದು ಎಲ್ಲಕ್ಕಿಂತ ಕುರೂಪಿಯಾಗಿತ್ತು.

ಅಲ್ಲಿಂದ ಪ್ರತಿ ಸೋಮವಾರ ಸಂಜೆ ನಾವಿಬ್ಬರೂ ಪಕ್ಕದ ಹಳ್ಳಿ ಕೊರೋಚಿಯ ಕಡೆ ನಡೆದು, ಮೋಟಾರುಗಳೆಲ್ಲ ಹಿಂದಾದ ಮೇಲೆ ಕಬ್ಬಿನ ಹೊಲದ ಬದುವಿನ ಮೇಲೆ ಕೂರತೊಡಗಿದೆವು. ಹೆಂಗಸರು ಬಗಲಲ್ಲಿ ರೇಡಿಯೋ ಹಿಡಿದು ಊರಾಚೆ ಹೊರಟರೆ ಜನ ಸುಮ್ಮನಿರುತ್ತಾರೆಯೇ? ಹೋಟೆಲಿನ ಗಂಡಸರು "ಕೂಸನ್ನ ಆಡಸಾಕ ಹೊಂಟೀರೇನ್ರಿ?" ಅಂತ ನಗುತ್ತಿದ್ದರು. ಚಿಗವ್ವ ತಿರುಗಿಯೂ ನೋಡುತ್ತಿರಲಿಲ್ಲ. ಬದುವಿನ ಮೇಲೆ ರೇಡಿಯೋವನ್ನು ತೊಡೆಯಲ್ಲಿಟ್ಟು, ದನಿ ತಿಳಿಯಾಗುವವರೆಗೆ ಅದರ ಮುಖ ಅತ್ತ ಇತ್ತ ತಿರುಗಿಸುತ್ತಿದ್ದಳು. ಪೇಟೆಯ ಧಾರಣಿ, ಗೊಬ್ಬರದ ಮಾತು, ಯಾರ್‍ಯಾರದೋ ಭಜನೆ... ಕಾಯುತ್ತ ಕಾಯುತ್ತ ಆಕೆ ಮತ್ತೆ ಮಾತಾಡತೊಡಗಿದಳು. ತಾನು ಮತ್ತು ಅವ್ವ ಎದುರುಬದುರು ಕೂತು ಬೀಸುಕಲ್ಲಿನ ಒಂದೇ ಗೂಟ ಹಿಡಿದು ಬೀಸುತ್ತಿದ್ದದ್ದು, ಅವ್ವ ಒಂದು ಸೊಲ್ಲು ಹಾಡಿದರೆ ಅದನ್ನು ತಾನು ಎತ್ತಿಕೊಳ್ಳುತ್ತಿದ್ದದ್ದು, ತೂಕಡಿಸಿ ತಪ್ಪಿದರೆ ಅವ್ವ ಕಾಲಿನಿಂದ ತಿವಿಯುತ್ತಿದ್ದದ್ದು. ಎಷ್ಟು ಸೋಮವಾರ ಹೋದವೋ ನೆನಪಿಲ್ಲ. ಆ ಪದ ಎಂದೋ ಬಂದು ಹೋಗಿದೆ ಎಂದೇ ನನಗೆ ಅನ್ನಿಸಿತ್ತು. ಆಕೆಗೆ ಹಾಗೆ ಹೇಳುವ ಧೈರ್ಯ ನನಗಿರಲಿಲ್ಲ.

ಕಬ್ಬು ಆಳೆತ್ತರ ಬಂದಿದ್ದಾಗಿನ ಒಂದು ಸಂಜೆ. ರೇಡಿಯೋದಲ್ಲಿ ಯಾರೋ ಚಿಗವ್ವನ ಊರಿನ ಹೆಸರು ಹೇಳಿದರು. ಚಿಗವ್ವ ನನ್ನ ಮೊಣಕೈ ಹಿಡಿದುಕೊಂಡಳು. ಆಮೇಲೆ ಮುದಿಯಾದ, ಸ್ವಲ್ಪ ಒಡಕಾದ ಒಂದು ದನಿ ಬಂತು. ಬೀಸುಕಲ್ಲಿನ ಸದ್ದಿರಲಿಲ್ಲ, ಜೊತೆಯವರಿರಲಿಲ್ಲ. ಒಂದು ಸೊಲ್ಲು ಹಾಡಿ ದನಿ ನಿಂತುಬಿಟ್ಟಿತು. ಸ್ಟೇಷನ್ ಹೋಯಿತೆಂದು ನಾನು ಗುಂಡಿಗೆ ಕೈ ಹಾಕಿದೆ. ಚಿಗವ್ವ ನನ್ನ ಕೈಯನ್ನು ಸರಿಸಿ, ಆ ಖಾಲಿಯಲ್ಲಿ ಅದೇ ಸೊಲ್ಲನ್ನು ಹಾಡಿದಳು. ಆಕೆ ಮುಗಿಸುವುದಕ್ಕೂ ರೇಡಿಯೋದೊಳಗಿನ ತಾಯಿ ಮುಂದಿನದನ್ನು ಎತ್ತುವುದಕ್ಕೂ ಸರಿಹೋಯಿತು. ಮುದುಕಿಯೊಬ್ಬಳನ್ನೇ ಕೂರಿಸಿ ಹಾಡಿಸಿದ್ದರಿರಬೇಕು. ಆಕೆ ಮಾತ್ರ ಪ್ರತಿ ಸೊಲ್ಲಿಗೂ ಎದುರಿನವಳು ಹಾಡುವಷ್ಟು ಜಾಗ ಬಿಟ್ಟೇ ಹಾಡಿದ್ದಳು. ತಾಯಿ ಹಾಡಿದಳು, ಮಗಳು ಹಾಡಿದಳು, ಪದ ಮುಗಿಯುವವರೆಗೆ ಹಾಗೇ ನಡೆಯಿತು. ನನಗೆ ಅಳು ತಡೆಯಲಾಗಲಿಲ್ಲ. ಚಿಗವ್ವ ಅಳಲಿಲ್ಲ.

"ಕೇಳಿದೇನ್ ತಂಗಿ? ಒಂದೂ ತಪ್ಪಲಿಲ್ಲ ನಾ," ಅಂದಳು, ಅಷ್ಟೇ.

ಮನೆಗೆ ಬಂದಾಗ ಕಾಕಾ ಕಟ್ಟೆಯ ಮೇಲೆ ಕೂತಿದ್ದರು. ಆಕೆಯ ಮುಖ ನೋಡಿದವರೇ ಎದ್ದು ಒಳಗೆ ಹೋಗಿ ಒಲೆ ಹೊತ್ತಿಸಿ ಚಹಾಕ್ಕಿಟ್ಟರು. ಆ ಓಣಿಯಲ್ಲಿ ಗಂಡಸು ಚಹಾ ಮಾಡಿದ್ದನ್ನು ನಾನು ಕಂಡದ್ದು ಅದೊಂದೇ ಸಲ.

"ಅವ್ವಾ, ನೀನ ಹೇಳು, ಯಾವುದು ತೊಗೊಳ್ಳೂಣು?" ಟಿ.ವಿ. ಅಂಗಡಿಯಲ್ಲಿ ಮಗ ಬಂದು ಭುಜ ಅಲುಗಿಸಿದ. ನೋಡುವವರು ನೀವು, ನೀವೇ ಆರಿಸಿಕೊಳ್ಳಿರಿ ಅಂದೆ. ಕೊನೆಗೆ ಸೊಸೆಯದೇ ನಡೆಯಿತು.

ಚಿಗವ್ವ ಹೋಗಿ ಎಷ್ಟೋ ವರ್ಷಗಳಾದವು. ನಾವು ಆ ಓಣಿ ಬಿಟ್ಟ ಮೇಲೆ ತೀರಿಕೊಂಡಳು, ನಾನೂ ಮಣ್ಣಿಗೆ ಮುಟ್ಟಲಿಲ್ಲ. ಆಕೆಯ ತಾಯಿಯ ಪದ ಹಿಡಿದಿಡಲು ಧಾರವಾಡದಿಂದ ಯಾರೋ ಹಳ್ಳಿಯವರೆಗೂ ಬಂದಿದ್ದರು. ಚಿಗವ್ವ ಹಾಡಿದ್ದನ್ನು ಯಾರೂ ಹಿಡಿದಿಡಲಿಲ್ಲ, ಕೇಳಿದವಳು ನಾನೊಬ್ಬಳೇ... ಎಷ್ಟು ನೆನೆಸಿಕೊಂಡರೂ ಅದರ ಒಂದು ಸೊಲ್ಲೂ ನನಗೆ ಬರುತ್ತಿಲ್ಲ.