ಎಣ್ಣೆ ಬೆರಳಿನ ಸ್ಕ್ಯಾನಿಂಗ್ ಡಾಕ್ಟರು

ಅವರ ತೋರುಬೆರಳಿಗೆ ಸದಾ ಬೋಂಡದ ಎಣ್ಣೆ. ಅದೇ ಬೆರಳನ್ನು ಕಂಪ್ಯೂಟರ್ ಪರದೆಗೆ ಒತ್ತಿ ರೋಗ ತೋರಿಸುತ್ತಿದ್ದರು. ರೋಗ ಯಾವುದು, ಎಣ್ಣೆಯ ಕಲೆ ಯಾವುದು ಎಂದು ನಾವು ಊಹಿಸಬೇಕು. ರಾಮನಗರದ ಆ ಸ್ಕ್ಯಾನಿಂಗ್ ಡಾಕ್ಟರನ್ನು ನಾನು ಮೊದಲ ದಿನವೇ ತಿರಸ್ಕರಿಸಿದೆ. ಒಂಬತ್ತಕ್ಕೆ ಬರಹೇಳಿ ಹನ್ನೊಂದಕ್ಕೆ ಬಂದರು. ಅಂಗಿಯ ಗುಂಡಿ ತಪ್ಪು ಕಾಜದಲ್ಲಿತ್ತು. ನನ್ನ ಶಾಲೆಯಲ್ಲಾಗಿದ್ದರೆ ಹೊರಗೆ ನಿಲ್ಲಿಸುತ್ತಿದ್ದೆ.

ನನ್ನ ಹೆಂಡತಿಯ ಮುರಿದ ಕಾಲಿಗೆ ಹಿಂದೆ ಲೋಹದ ಪ್ಲೇಟು ಹಾಕಿದ್ದರು. ನೋವು ಮರುಕಳಿಸಿತು. ಬೇರೆ ಕಡೆ ಮಾಡಿಸಿದ ಎಂ.ಆರ್.ಐ.ನಲ್ಲಿ ಪ್ಲೇಟಿನ ಪಕ್ಕ ಬೆಳ್ಳಗೆ ಕಂಡದ್ದನ್ನು ಮೂಳೆಯೊಳಗಿನ ಕೀವು ಎಂದರು. ಕಾಲು ಕುಯ್ದು, ಪ್ಲೇಟು ತೆಗೆದು, ಮೂಳೆ ಕೆರೆಯಬೇಕಂತೆ. ಅದಕ್ಕೆ ಮುಂಚೆ ಇನ್ನೊಬ್ಬರನ್ನು ಕೇಳೋಣವೆಂದು ಇವರಲ್ಲಿಗೆ ಹೋಗಿದ್ದೆವು.

ಚಿತ್ರ ನೋಡಿ ನಕ್ಕರು. ರೋಗಿಯ ಎದುರಿಗೇ!

“ಕೀವಲ್ಲ ಮೇಷ್ಟ್ರೇ, ಕೊಬ್ಬು. ಇದ್ರಲ್ಲಿ ನೀರು, ಕೀವೂ ಬೆಳ್ಳಗೆ, ಕೊಬ್ಬೂ ಬೆಳ್ಳಗೆ. ಕೊಬ್ಬನ್ನ ಕಪ್ಪು ಮಾಡ್ದೆ ಕೀವು ಗೊತ್ತಾಗಾಕಿಲ್ಲ.”

“ಅಲ್ಲಿನವರು ಕಪ್ಪು ಮಾಡಿದ್ದಾರೆಂದು ರಿಪೋರ್ಟಿನಲ್ಲಿದೆಯಲ್ಲ?”

“ಮಾಡವ್ರೆ. ಯಾವಾಗ್ಲೂ ಒತ್ತೋ ಬಟನ್ನೇ ಒತ್ತವ್ರೆ. ಅದು ಕೊಬ್ಬಿನ ಶ್ರುತಿ ಹಿಡಿದು ಬಾಯಿ ಮುಚ್ಚಿಸ್ತದೆ. ಚಿತ್ರ ಚೆಂದಾಗಿ ಬತ್ತದೆ. ಆದ್ರೆ ಪಕ್ಕ ಲೋಹ ಇದ್ರೆ ಶ್ರುತಿನೇ ಕೆಟ್ಟೋಯ್ತದೆ. ಅಲ್ಲಿನ ಕೊಬ್ಬು ತಪ್ಪಿಸ್ಕೊಂಡು ಬೆಳ್ಳಗೇ ಉಳ್ಕೊತದೆ.”

“ಮತ್ತೇನು ದಾರಿ?”

“ಇನ್ನೊಂದು ಐತೆ. ಕೊಬ್ಬು ತಾನಾಗೇ ಸುಮ್ಕಾಗೋ ಗಳಿಗೆ ಕಾದು ಚಿತ್ರ ಹಿಡಿಯೋದು. ಒಸಿ ಮಂಕು, ಟೈಮೂ ಜಾಸ್ತಿ. ಆದ್ರೆ ಲೋಹಕ್ಕೆ ಅಷ್ಟಾಗಿ ಜಗ್ಗಾಕಿಲ್ಲ. ನಿಮ್ಗೆ ಕಾಯೋದು ಅಂದ್ರೆ ಆಗಾಕಿಲ್ಲ, ಅಲ್ವಾ?”

ಹೆಂಡತಿ ಕಿಸಕ್ಕನೆ ನಕ್ಕಳು. “ಕಾಯ್ತಾರೆ ಬುಡಿ ಡಾಕ್ಟ್ರೇ. ಕಾಲು ನಂದು.”

ಕಾದೆ. ಹೊಸ ಚಿತ್ರದಲ್ಲಿ ಆ ಬಿಳುಪು ಕಪ್ಪಾಗಿತ್ತು. ಕೀವಾಗಿದ್ದರೆ ಬೆಳ್ಳಗೇ ಉಳಿಯಬೇಕಿತ್ತು. ರಕ್ತಪರೀಕ್ಷೆಯೂ ಕೀವಿಲ್ಲವೆಂದಿತು. ಆಪರೇಷನ್ ನಿಂತಿತು. ವ್ಯಾಯಾಮದಿಂದ ನೋವು ಇಳಿಯಿತು.

ಅವರ ಬಗ್ಗೆ ನನ್ನ ಅಭಿಪ್ರಾಯ ಮಾತ್ರ ಬದಲಾಗಲಿಲ್ಲ. ಕೃತಜ್ಞತೆ ಹೇಳಲು ಹೋದಾಗಲೂ ಕಾಯಿಸಿದರು. ಆಮೇಲೆ ಅದೇ ಕೈಯಲ್ಲಿ ಬೋಂಡ ಮುಂದಿಟ್ಟರು. ನಾನು ಮುಟ್ಟಲಿಲ್ಲ. ಹೆಂಡತಿ ಎರಡು ತಿಂದಳು.

ಕಳೆದ ವರ್ಷ ಅವರು ಹೃದಯಾಘಾತದಿಂದ ತೀರಿಕೊಂಡರು. ಅವರ ಊರಾದ ಕೂಟಗಲ್ಲಿನಲ್ಲಿ, ಮನೆಯ ಮುಂದೆ, ಶವ ತರುವುದಾಗಿ ಹೇಳಿದ ವೇಳೆಗೆ ಹೋಗಿ ನಿಂತೆವು. ಶವದ ವ್ಯಾನು ಬಂದಿರಲಿಲ್ಲ. ಬಿಸಿಲೇರಿತು.

“ಇವತ್ತೂ ಲೇಟು” ಎಂದೆ.

ಯಾರೋ ಹೆಂಡತಿಗೆ ಕುರ್ಚಿ ತಂದುಕೊಟ್ಟರು. ಬೇಡವೆಂದಳು. ಅವಳು ನಿಂತೇ ಇದ್ದಳು; ವ್ಯಾನು ಬರುವವರೆಗೆ ನಾನೂ ಪಕ್ಕದಲ್ಲಿ ನಿಂತಿದ್ದೆ.