ಭೂಮದ ಸಾಲಿನಲ್ಲಿ ಮೂರನೇ ತರಗತಿ

ಮದುವೆ ನಿಶ್ಚಯವಾದಾಗ ರುದ್ರಾಣಿಗೆ ಇಪ್ಪತ್ತೊಂಬತ್ತು ವರ್ಷ. ಚಾಮರಾಜಪೇಟೆಯ ಬಂಧುಗಳು ಆ ವಯಸ್ಸನ್ನು ಮೂರು ವರ್ಷ ತಗ್ಗಿಸಿ ಹೇಳುತ್ತಿದ್ದರು. ಅವಳು ಮಾತ್ರ ಕೇಳಿದವರಿಗೆಲ್ಲ ನಿಜವನ್ನೇ ಹೇಳುತ್ತಿದ್ದಳು. ತಂದೆ ತೀರಿಕೊಂಡ ಮೇಲೆ, ಎರಡನೆಯ ಮಹಾಯುದ್ಧ ಇನ್ನೂ ಮುಗಿಯದಿದ್ದ ದಿನಗಳಲ್ಲಿ, ಅಕ್ಕಿಪೇಟೆಯ ಅಂಚಿನ ಹೆಣ್ಣುಮಕ್ಕಳ ಪ್ರಾಥಮಿಕ ಶಾಲೆಯೊಂದಕ್ಕೆ ಉಪಾಧ್ಯಾಯಿನಿಯಾಗಿ ಸೇರಿದವಳು ಅವಳು. ಮಧ್ಯಾಹ್ನ ಮಕ್ಕಳು ಜಾತಿಗೊಂದು ಮೂಲೆ ಹಿಡಿದು ಬುತ್ತಿ ಬಿಚ್ಚುತ್ತಿದ್ದುದನ್ನು ಒಂದು ವರ್ಷ ಸುಮ್ಮನೆ ನೋಡಿದಳು. ಎರಡನೆಯ ವರ್ಷ ಜಗಲಿಯ ಮೇಲೆ ಸೀಮೆಸುಣ್ಣದಿಂದ ದೊಡ್ಡ ವೃತ್ತವೊಂದನ್ನು ಎಳೆದು, ಎಲ್ಲರೂ ಅದರ ಸುತ್ತ ಕೂರಬೇಕೆಂದಳು; ತನ್ನ ಡಬ್ಬಿಯನ್ನೂ ಅಲ್ಲೇ ತೆರೆದಳು. ಎರಡು ಮನೆಯವರು ಮಕ್ಕಳನ್ನು ಶಾಲೆ ಬಿಡಿಸಿದರು. ಇಬ್ಬರ ಮನೆಗೂ ಅವಳು ಹೋಗಿಬಂದಳು. ಒಂದು ಮಗು ಮರಳಿ ಬಂತು, ಇನ್ನೊಂದು ಬರಲಿಲ್ಲ.

ಗಂಡು ಮಲ್ಲಿಕಾರ್ಜುನಯ್ಯ ಸರ್ಕಾರಿ ಕಚೇರಿಯ ಗುಮಾಸ್ತ. ತಂಗಿಯರ ಮದುವೆಗಳನ್ನು ಮುಗಿಸುವಷ್ಟರಲ್ಲಿ ತಾನೂ ವಯಸ್ಸಾದವನು. ಹೆಣ್ಣು ನೋಡಲು ಬಂದಾಗ ರುದ್ರಾಣಿ ಅವನಿಗೆ ಎರಡು ವಿಷಯ ತಿಳಿಸಿದಳು: ತಾನು ಕೆಲಸ ಬಿಡುವುದಿಲ್ಲ, ಮತ್ತು ಭೂಮದ ಊಟಕ್ಕೆ ತನ್ನ ಮೂರನೇ ತರಗತಿಯ ಹತ್ತೊಂಬತ್ತು ಮಕ್ಕಳೂ ತನ್ನ ಸಾಲಿನಲ್ಲಿ ಕೂರುತ್ತಾರೆ.

ಅವನು ಸ್ವಲ್ಪ ಯೋಚಿಸಿ, "ಗಲಾಟೆ ಮಾಡ್ತಾರಾ?" ಎಂದು ಕೇಳಿದ.

"ಮಾಡ್ತಾರೆ."

"ಸರಿ, ನಮ್ಮ ಕಡೆಯವರೂ ಕಡಿಮೆ ಇಲ್ಲ ಬಿಡಿ."

ತಾಳಿ ಕಟ್ಟಿದ ಮೇಲೆ ವಧೂವರರು ಜೊತೆಯಾಗಿ ಕುಳಿತು, ಎರಡೂ ಕಡೆಯ ಹತ್ತಿರದ ಬಂಧುಗಳೊಡನೆ ಉಣ್ಣುವ ಮೊದಲ ಊಟವೇ ಭೂಮ. ಹೆಣ್ಣಿನ ಮಗ್ಗುಲಲ್ಲಿ ಅವಳ ಒಡಹುಟ್ಟಿದವರು ಕೂರುವುದು ವಾಡಿಕೆ. ರುದ್ರಾಣಿಗೆ ಒಡಹುಟ್ಟಿದವರಿರಲಿಲ್ಲ, ಆ ಜಾಗ ಯಾರದೆಂಬುದರಲ್ಲಿ ಅವಳಿಗೆ ಸಂಶಯವೂ ಇರಲಿಲ್ಲ.

ಸಂಶಯವಿದ್ದದ್ದು ತಂದೆಯ ಸ್ಥಾನದಲ್ಲಿ ನಿಂತು ಮದುವೆ ನಡೆಸುತ್ತಿದ್ದ ದೊಡ್ಡಪ್ಪ ರೇವಣಸಿದ್ದಯ್ಯನವರಿಗೆ. ಲಿಂಗ ಧರಿಸದವರು ಅವರ ಪಾಲಿಗೆ ಭವಿಗಳು. ಭವಿಗಳೊಡನೆ ಅವರು ಜನ್ಮದಲ್ಲಿ ಪಂಕ್ತಿಗೆ ಕೂತವರಲ್ಲ. ಮಕ್ಕಳು ಬರಲಿ, ಹೊಟ್ಟೆ ತುಂಬ ಉಣ್ಣಲಿ, ಆದರೆ ಹಿತ್ತಲಿನಲ್ಲಿ ಎಂದರು. ಅದರಲ್ಲಿ ಕ್ರೌರ್ಯವಿರಲಿಲ್ಲ. ಅದೇ ಸರಿಯೆಂದು ಅವರು ಪ್ರಾಮಾಣಿಕವಾಗಿ ನಂಬಿದ್ದರು.

ರುದ್ರಾಣಿ ವಾದಿಸಲಿಲ್ಲ. ಹತ್ತೊಂಬತ್ತು ಲಗ್ನಪತ್ರಿಕೆಗಳ ಮೇಲೆ ಹತ್ತೊಂಬತ್ತು ಮಕ್ಕಳ ಹೆಸರನ್ನೇ ಬರೆದು, ಮನೆಮನೆಗೆ ತಾನೇ ಹೋಗಿ ಕೊಟ್ಟಳು. ಬಸವನಗುಡಿಯ ಚಕ್ರಪಾಣಿ ಅಯ್ಯಂಗಾರರು ಪತ್ರಿಕೆಯನ್ನು ಆದರದಿಂದ ತೆಗೆದುಕೊಂಡು, ಮಗಳು ಗೋದಾ ಅಕ್ಷತೆಗೆ ಬರುತ್ತಾಳೆ, ಊಟ ಮಾತ್ರ ಮಾಡುವಂತಿಲ್ಲ ಎಂದರು. ಬಿನ್ನಿಪೇಟೆಯ ಗಿರಣಿ ಕಾರ್ಮಿಕ ಕೆಂಚಪ್ಪ ಆ ದಿನ ಮನೆಯಲ್ಲಿರಲಿಲ್ಲ. ಭಾನುವಾರ ಅವನು ಪತ್ರಿಕೆಯನ್ನು ಹಿಂದಿರುಗಿಸಲು ಚಾಮರಾಜಪೇಟೆಯ ಅವಳ ಮನೆಗೇ ಬಂದ.

"ಹೆಸರು ತಪ್ಪಾಗೈತೆ ಮೇಷ್ಟ್ರಮ್ಮ. ನಮ್ಮ ಮುನಿಲಕ್ಷ್ಮಿ ಹೆಸರು ಬಿದ್ದೈತೆ."

ತಪ್ಪಿಲ್ಲ, ಕರೆದದ್ದು ಅವಳನ್ನೇ ಎಂದು ರುದ್ರಾಣಿ ಹೇಳಿದಳು. ಕೆಂಚಪ್ಪ ಪತ್ರಿಕೆಯನ್ನು ಕೈಯಲ್ಲಿ ತಿರುಗಿಸುತ್ತ ನಿಂತ.

"ಊಟಕ್ಕೆ ಎಲ್ಲಿ ಕೂರಿಸ್ತೀರಾ? ಮೇಷ್ಟ್ರಮ್ಮನ ಪಕ್ಕ ಅಂತ ಅವಳು ವಠಾರಕ್ಕೆಲ್ಲ ಹೇಳ್ಕೊಂಡು ಬಂದವಳೆ. ಹಿತ್ತಲಲ್ಲಾದ್ರೆ ಈಗಲೇ ಹೇಳ್ಬಿಡಿ, ಜ್ವರ ಅಂತ ಮನೇಲೇ ಇಟ್ಕೋತೀನಿ."

"ನನ್ನ ಪಕ್ಕದಲ್ಲೇ," ಎಂದಳು ರುದ್ರಾಣಿ. ಅಂದಿನಿಂದ ಅದು ಅವಳ ಆಸೆಯಾಗಿ ಉಳಿಯಲಿಲ್ಲ, ಕೊಟ್ಟ ಮಾತಾಯಿತು.

ಮದುವೆಯ ದಿನ ಮುಹೂರ್ತ ಸಾಂಗವಾಗಿ ಕಳೆಯಿತು. ಮಕ್ಕಳು ಎಸೆದ ಅಕ್ಷತೆ ವಧೂವರರಿಗಿಂತ ಮದುವೆ ಮಾಡಿಸುತ್ತಿದ್ದ ಅಯ್ನೋರ ತಲೆಯ ಮೇಲೆಯೇ ಹೆಚ್ಚು ಬಿತ್ತು. ಆಮೇಲೆ ಮಕ್ಕಳು ಕಾಣಲಿಲ್ಲ. ಭೂಮಕ್ಕೆಂದು ನಡುಮನೆಯಲ್ಲಿ ಎಲೆ ಹಾಕಿದಾಗ ರುದ್ರಾಣಿಯ ಮಗ್ಗುಲಿನಲ್ಲಿ ದೊಡ್ಡಪ್ಪನ ಮೊಮ್ಮಕ್ಕಳು ಕುಳಿತಿದ್ದರು. ಹಿತ್ತಲ ಬಾಗಿಲಾಚೆ ಒಗೆಯುವ ಕಲ್ಲಿನ ಪಕ್ಕ ಹತ್ತೊಂಬತ್ತು ಎಲೆಗಳು, ಅವುಗಳ ಮುಂದೆ ಸದ್ದಿಲ್ಲದೆ ಕುಳಿತ ಹತ್ತೊಂಬತ್ತು ಹುಡುಗಿಯರು. ಗೋಡೆಗೆ ಒರಗಿ ನಿಂತಿದ್ದ ಕೆಂಚಪ್ಪ ಅವಳತ್ತ ನೋಡಲಿಲ್ಲ.

ಮಕ್ಕಳನ್ನು ಒಳಗೆ ಕರೆಯಿರೆಂದು ಅವಳು ದೊಡ್ಡಪ್ಪನನ್ನು ಕೇಳಿದಳು. ಅವರು ದನಿ ತಗ್ಗಿಸಿಯೇ ಕುಟುಕಿದರು.

"ಆ ಅಯ್ಯಂಗಾರ್ರ ಹುಡುಗಿ ನಮ್ಮನೇಲಿ ನೀರೂ ಮುಟ್ಟಲ್ಲ. ಅಂಥವರಿಗೆ ನೀನು ಭೂಮದಲ್ಲಿ ಎಲೆ ಹಾಕ್ತೀಯಾ, ರುದ್ರಿ?"

"ಉಣ್ಣದೇ ಇರೋದು ಅವರ ಮನೆಯವರ ಇಷ್ಟ, ದೊಡ್ಡಪ್ಪ. ಎಲೆ ಹಾಕದೇ ಇದ್ರೆ ಅದು ನಮ್ಮ ತಪ್ಪು."

ಅವಳು ಎದ್ದಳು. ಸೆರಗಿಗೆ ಮಲ್ಲಿಕಾರ್ಜುನಯ್ಯನ ಶಲ್ಯದ ಗಂಟು ಬಿದ್ದಿತ್ತು. ಅವನು ಕೂತೇ ಇದ್ದರೆ ಅವಳು ಎರಡು ಹೆಜ್ಜೆಗೆ ನಿಲ್ಲಬೇಕಾಗುತ್ತಿತ್ತು. ಗಂಟು ಬಿಗಿಯುವ ಮೊದಲೇ ಅವನೂ ಎದ್ದ. ಹಣೆಯ ಬಾಸಿಂಗವನ್ನು ಒಂದು ಕೈಯಲ್ಲಿ ಹಿಡಿದು, ಬಾಗಿಲಲ್ಲಿ ತಲೆ ಬಗ್ಗಿಸಿ, ಅವಳ ಹಿಂದೆ ಹಿತ್ತಲಿಗೆ ಇಳಿದ. ಮದುಮಕ್ಕಳು ಕೂತಲ್ಲೇ ಭೂಮ ಅಲ್ಲವೇ ಎಂದು ಅಯ್ನೋರನ್ನು ಕೇಳಿದ. ಶಾಸ್ತ್ರ ಹಾಗೆಯೇ ಇದೆ ಎಂದು ಅವರು ಅನುಮಾನದಿಂದಲೇ ಒಪ್ಪಿಕೊಂಡರು.

ಗಂಡಿನ ಕಡೆಯವರಲ್ಲಿ ಅರ್ಧ ಜನ ಎಲೆ ಎತ್ತಿಕೊಂಡು ಬಂದರು. ಉಳಿದವರು ನಡುಮನೆಯಲ್ಲೇ ಕುಳಿತರು. ರೇವಣಸಿದ್ದಯ್ಯ ಶಾಲು ಹೊದ್ದು, ಉಣ್ಣದೆ ಹೊರಟುಹೋದರು. ಮುಂದೆ ನಾಲ್ಕು ವರ್ಷ ಅವರು ರುದ್ರಾಣಿಯ ಮನೆಯ ಮೆಟ್ಟಿಲು ತುಳಿಯಲಿಲ್ಲ. ಹಾಗಾಗಬಹುದೆಂದು ಅವಳಿಗೆ ಮೊದಲೇ ಗೊತ್ತಿತ್ತು, ಅವರು ಹೋದ ದಿಕ್ಕನ್ನು ಒಮ್ಮೆ ನೋಡಿದಳು ಕೂಡ.

ಆಮೇಲೆ ಮುನಿಲಕ್ಷ್ಮಿಯನ್ನು ಸರಿಸಿ ಪಕ್ಕದಲ್ಲಿ ಕುಳಿತಳು. ಬಡಿಸುವವನು ಪಾಯಸ ತಂದು, ರೂಢಿಯಂತೆ ಮದುಮಗನತ್ತ ಬಾಗಿದ.

"ಆ ತುದಿಯಿಂದ ಬನ್ನಿ," ಎಂದಳು ರುದ್ರಾಣಿ.

ಗೋದಾಳ ಎಲೆಗೂ ಎಲ್ಲ ಬಡಿಸಿದರು. ಅವಳು ಬಾಳೆಹಣ್ಣೊಂದನ್ನೇ ಸುಲಿದು ತಿಂದಳು. ಉಣ್ಣೆಂದು ಯಾರೂ ಒತ್ತಾಯಿಸಲಿಲ್ಲ. ಹತ್ತೊಂಬತ್ತನೆಯ ಎಲೆ ತುಂಬುವವರೆಗೆ ಕಾದು, ರುದ್ರಾಣಿ ತನ್ನ ಎಲೆಗೆ ಕೈಯಿಟ್ಟಳು.