ಎಡಕ್ಕೆ ಎಳೆಯುವ ಬಸ್ಸು

ಅಂಗಡಿಯ ಅಟ್ಟ ಗುಡಿಸುವಾಗ ಒಂದು ಮುಟ್ಟಾಳೆ ಕೈಗೆ ಸಿಕ್ಕಿತು. ಅಡಿಕೆ ಹಾಳೆಯ ಆ ಟೋಪಿಯ ಮುಂದೆ ಎರಡು ಮಸೂರ, ಒಂದು ಗೇಮ್ ಕನ್ಸೋಲ್, ಹಿಂದೆ ನೇತಾಡುವ ವಯರು. ಒಣ ಹಾಳೆಯ ವಾಸನೆ ಮೂಗಿಗೆ ಬಡಿದದ್ದೇ ಡ್ರೈವರಣ್ಣ ನೆನಪಾದರು...

ಜೀವಮಾನವಿಡೀ ಚಾರ್ಮಾಡಿ ಘಾಟಿಯಲ್ಲಿ ಬಸ್ಸು ಓಡಿಸಿದವರು. ಗುರುವಾಯನಕೆರೆಯ ನನ್ನ ಮೊಬೈಲ್ ರಿಪೇರಿ ಅಂಗಡಿಯ ಎದುರೇ ಅವರ ಮನೆ. ಸ್ಟ್ರೋಕ್ ಆಗಿ ಬಲಗೈ ಬಿದ್ದುಹೋಗಿತ್ತು, ಎಡಗೈ ನಡುಗುತ್ತಿತ್ತು. ಮಗಳು ಕೊಟ್ಟ ಕನ್ಸೋಲಿನಲ್ಲಿ ಘಾಟಿ ರಸ್ತೆಯ ಬಸ್ಸಿನ ಆಟ ಇತ್ತು, ಆದರೆ ಬಟನ್ ಒತ್ತಲು ಬೆರಳು ಕೇಳುತ್ತಿರಲಿಲ್ಲ.

"ಕುತ್ತಿಗೆ ಸರಿ ಉಂಟಲ್ಲ. ತಲೆ ತಿರುಗಿಸಿದರೆ ಬಸ್ಸು ತಿರುಗುವ ಹಾಗೆ ಮಾಡಿ ಕೊಡು" ಎಂದರು.

ಪೇಟೆಯಲ್ಲಿ ಸಿಗುವ, ಕಣ್ಣಿಗೆ ಕಟ್ಟಿಕೊಂಡು ಆಡುವ ವಿಆರ್ ಹೆಡ್‌ಸೆಟ್ ನಮ್ಮಂಥವರ ಕೈಗೆ ಎಟುಕುವುದಲ್ಲ. ಏಳನೇ ಕ್ಲಾಸಿಗೆ ಶಾಲೆ ಬಿಟ್ಟವ ನಾನು, ಆದರೂ ಆಗುವುದಿಲ್ಲ ಎಂದು ಯಾರಿಗೂ ಹೇಳಿದವನಲ್ಲ. ಅವರ ತಲೆ ಅಳೆದು ಮುಟ್ಟಾಳೆ ಮಾಡಿಸಿ, ಕಣ್ಣಿನೆದುರು ಬರುವ ಹಾಗೆ ಮಸೂರ, ಕನ್ಸೋಲ್ ಕಟ್ಟಿದೆ. ತಲೆಯ ಚಲನೆ ಹಿಡಿಯುವ ಉಗುರಿನಷ್ಟು ಸೆನ್ಸರ್ ಅದರಲ್ಲಿ ಕೂರಿಸಿದೆ.

ಅಂಗಡಿಯ ಸ್ಟೂಲಿನಲ್ಲಿ ಕುಳಿತು ಹಾಕಿ ನೋಡಿದರು. ತಲೆ ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ತಿರುಗಿಸಿದರು. ಆಮೇಲೆ, "ಹಾರ್ನ್ ಎಲ್ಲುಂಟು ಮಾರಾಯ?"

ಆದರೆ ತಲೆ ನೆಟ್ಟಗಿದ್ದರೂ ಬಸ್ಸು ಮೆಲ್ಲ ಎಡಕ್ಕೆ ಎಳೆಯುತ್ತಿತ್ತು. ಸರಿ ಮಾಡಲೆಂದು ಬಿಚ್ಚಿಟ್ಟುಕೊಂಡೆ.

"ಎಡಕ್ಕೆ ಎಳೆಯದ ಬಸ್ಸು ನನಗೆ ಯಾವ ಧಣಿ ಕೊಟ್ಟಿದ್ದಾರೆ? ಹೇಗೋ ಓಡಿಸ್ತೇನೆ, ಕೊಡು."

ಕೊಡಲಿಲ್ಲ. ಅರೆಬರೆ ಕೆಲಸ ನನ್ನ ಅಂಗಡಿಯ ಮೆಟ್ಟಿಲು ಇಳಿಯುವುದಿಲ್ಲ ಎಂದೆ, ಸ್ವಲ್ಪ ಗತ್ತಿನಿಂದಲೇ. ದಿನಾ ಕಿಟಕಿಯಿಂದ "ಬಸ್ಸು ಗ್ಯಾರೇಜಿನಿಂದ ಬಂತಾ?" ಎಂದು ಕೇಳುವರು. "ಸೋಮವಾರ" ಎನ್ನುವೆ. ಎಷ್ಟು ಸೋಮವಾರಗಳು ಹೋದವೋ... ಎರಡನೇ ಸಲ ಸ್ಟ್ರೋಕ್ ಆಗಿ ಆಸ್ಪತ್ರೆಗೆ ಹೋದವರು ತಿರುಗಿ ಬರಲಿಲ್ಲ. ಕನ್ಸೋಲ್ ಹಿಂದೆ ಕೊಡಲು ಹೋದರೆ ಅವರ ಹೆಂಡತಿ, "ಇನ್ನು ಅದು ಇಲ್ಲಿ ಯಾರಿಗೆ?" ಎಂದರು.

ಆಮೇಲೆ ಗೊತ್ತಾಯಿತು: ಸ್ವಿಚ್ ಹಾಕಿ ಐದು ನಿಮಿಷ ಅಲುಗಾಡಿಸದೆ ಇಟ್ಟರೆ ಸಾಕು, ಸೆನ್ಸರ್ ಹದಕ್ಕೆ ಬಂದು ಆ ಎಳೆತ ನಿಲ್ಲುತ್ತದೆ. ಬೆಳಿಗ್ಗೆ ಇಂಜಿನ್ ಬಿಸಿಯಾಗದೆ ಗೇರ್ ಮುಟ್ಟದ ಮನುಷ್ಯ ಅವರು. ಕೇಳಿದ್ದರೆ ಅವರೇ ಹೇಳುತ್ತಿದ್ದರೋ ಏನೋ... ನಾನು ಕೇಳುವವನಲ್ಲ.

ಇವತ್ತು ಚಾರ್ಜ್ ಮಾಡಿ, ಐದು ನಿಮಿಷ ಕಾದು, ಹಾಕಿಕೊಂಡೆ. ಬಸ್ಸು ನೇರ ಹೋಯಿತು. ಮೊದಲ ತಿರುವು ಬಂದಾಗ ನಾನು ತಲೆ ತಿರುಗಿಸಿದೆ, ಸಡಿಲವಾಗಿ ಕೂತ ಮುಟ್ಟಾಳೆ ತಿರುಗಲಿಲ್ಲ. ಅವರ ತಲೆಯ ಅಳತೆಗೆ ಮಾಡಿಸಿದ್ದಲ್ಲವೇ... ಬಸ್ಸು ಕಂದಕಕ್ಕೆ ಇಳಿಯಿತು.